ಬೀಗದ ಮನೆಗೆ ಮತ್ತೊಂದು ಸುತ್ತು

ಪುರುಷೋತ್ತಮ ರಾಯರಿಗೆ,

ಸಾಲ್ಟ್ ಲೇಕಿನಿಂದ ಮಾದಪ್ಪನ ನಮಸ್ಕಾರ.

ಫೋನು ಎತ್ತದವರಿಗೆ ಕಾಗದ ಬರೆಯುವುದರಲ್ಲಿ ಒಂದು ಲಾಭವಿದೆ. ನೀವು ನಡುವೆ ಬಾಯಿ ಹಾಕಲಾರಿರಿ. ನಮ್ಮ ಸ್ನೇಹದಲ್ಲಿ ನಾನು ಒಂದು ಮಾತನ್ನಾದರೂ ಕೊನೆಯವರೆಗೆ ಆಡಿ ಮುಗಿಸಿದ್ದು ನೆನಪಿಲ್ಲ. "ತಡೀರಿ ಮಾದಪ್ಪ, ಅದಕ್ಕ ಪುರಾವೆ ಏನದ?" ಎಂದು ಅಡ್ಡ ಬರುತ್ತಿದ್ದಿರಿ. ಈಗ ಬನ್ನಿ ನೋಡೋಣ.

ಹಾಗಂತ ಬರೆಯುವುದು ಸಲೀಸಾಗಿದೆ ಎಂದುಕೊಳ್ಳಬೇಡಿ. ಬೆಳಗಿನ ಕಾಫಿ ಆದಮೇಲೆ ಕೂತವನು ಎದ್ದು ಬಾಲ್ಕನಿಗೆ ಹೋದೆ. ಸೆಖೆಗೆ ಫ್ಯಾನು ಜೋರು ಮಾಡಿದೆ, ಕಾಗದ ಹಾರಿತು, ನಿಧಾನ ಮಾಡಿದೆ, ಬೆವತೆ, ಮತ್ತೆ ಎದ್ದೆ. ನಮ್ಮ ಮನೆಯಾಕೆ ಗೌರಿ ಅಡುಗೆಮನೆಯಿಂದಲೇ, "ಡಾಕ್ಟ್ರು ನಡೀರಿ ಅಂದಿದ್ದು ಪಾರ್ಕಲ್ಲಿ. ಹಾಲ್‌ನಲ್ಲಿ ಟೈಲ್ಸ್ ಸವೆಸಿ ಅಂದಿಲ್ಲ" ಎಂದಳು. ಅವಳಿಗೆ ಗೊತ್ತಿದೆ ಯಾರಿಗೆ ಬರೆಯುತ್ತಿದ್ದೇನೆಂದು. ಗೊತ್ತಿದ್ದೇ ನಿಮ್ಮ ಹೆಸರು ಎತ್ತಲಿಲ್ಲ. ಈ ಮನೆಯಲ್ಲಿ ಇತ್ತೀಚೆಗೆ ನಿಮ್ಮ ಹೆಸರು ಎತ್ತಿದರೆ ನಾನು ಊಟದ ನಡುವೆ ಎದ್ದುಬಿಡುತ್ತೇನಂತೆ. ಇರಬಹುದು.

ವಿಷಯಕ್ಕೆ ಬರುತ್ತೇನೆ. ಈ ತಿಂಗಳ ಕೊನೆಗೆ ನಮ್ಮ ಆಸ್ಪತ್ರೆಯ ಸಂಶೋಧಕಿ ಹುಡುಗಿ ಪೂರ್ವಿಯ ಅಧ್ಯಯನ ಬಾಗಿಲು ಹಾಕುತ್ತದೆ. ಅಷ್ಟರೊಳಗೆ ನೀವು ಸಿಗದೇ ಹೋದರೆ ನಿಮ್ಮ ಹೆಸರಿನ ಮುಂದೆ "ಸಂಪರ್ಕ ತಪ್ಪಿದವರು" ಎಂದು ಬರೆದು ಮುಂದಿನ ಹೆಸರಿಗೆ ಹೋಗುತ್ತಾರೆ. ನನಗೆ ಅದನ್ನು ತಡೆಯಬೇಕಾಗಿದೆ. ಅಷ್ಟೇ ವಿಷಯ. ಆದರೆ ಅಷ್ಟೇ ಬರೆದು ಕೈ ತೊಳೆದುಕೊಂಡರೆ ನಾನು ಮಾದಪ್ಪ ಹೇಗಾದೇನು? ಸುತ್ತಿ ಬರುತ್ತೇನೆ, ಸಹಿಸಿಕೊಳ್ಳಿ.

ನಾವು ಸಿಕ್ಕ ಬಗೆಯನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇನೆ, ನಿಮಗೆ ಮಾತ್ರ ಹೇಳಿಲ್ಲ. ನಿಮಗೆ ಅದರ ಅರ್ಧವೂ ನೆನಪಿಲ್ಲ, ಏಕೆಂದರೆ ನೀವು ಆಗ ಈ ಲೋಕದಲ್ಲಿ ಪೂರ್ತಿ ಇರಲಿಲ್ಲ. ಹೃದ್ರೋಗದ ವಾರ್ಡು, ನಡು ಮಧ್ಯಾಹ್ನ. ನನ್ನ ಎದೆಗೆ ವೈರುಗಳನ್ನು ಅಂಟಿಸಿ, ಮಾತಾಡಬಾರದು ಎಂದು ಕಟ್ಟಪ್ಪಣೆ ಮಾಡಿ ಮಲಗಿಸಿದ್ದರು. ಎದೆನೋವಿಗಿಂತ ಅದೇ ದೊಡ್ಡ ನೋವು. ಅಷ್ಟರಲ್ಲಿ ಹಸಿರು ಪರದೆಯ ಆಚೆಯಿಂದ ಒಂದು ದನಿ: "ಅವ್ವಾ... ಎದಿ ಮ್ಯಾಲೆ ಯಾರೋ ಕೂತಾರ..." ಕಲ್ಕತ್ತೆಯ ಆಸ್ಪತ್ರೆಯಲ್ಲಿ, ಧಾರವಾಡದ ಕನ್ನಡ! ನರ್ಸಮ್ಮ ನಿಮ್ಮ ಹತ್ತಿರ ಬಗ್ಗಿ ಬಂಗಾಳಿಯಲ್ಲಿ ಏನು ಹೇಳುತ್ತಿದ್ದೀರೆಂದು ಕೇಳುತ್ತಿದ್ದಾಳೆ, ನೀವು ಅವ್ವನಿಗೆ ಬಿಟ್ಟು ಇನ್ಯಾರಿಗೂ ಉತ್ತರ ಕೊಡುತ್ತಿಲ್ಲ. ನಾನು ವೈರುಗಳ ಸಮೇತ ಎದ್ದು ಕೂತು ಕೂಗಿದೆ: "ಸಿಸ್ಟರ್ ದೀದಿ, ಅವರ ಎದೆ ಮೇಲೆ ಯಾರೋ ಕೂತಿದ್ದಾರಂತೆ, ಬೇಗ ಬಂದು ಎಬ್ಬಿಸಿ!" ನನ್ನ ಮಷಿನ್ನೂ ಕಿರುಚಿತು, ನಿಮ್ಮದೂ ಕಿರುಚಿತು, ಡಾಕ್ಟರು ಓಡಿ ಬಂದರು. ಅಂದು ನಿಮಗೆ ಎರಡನೇ ಸಲ ಎದೆ ಹಿಡಿದಿತ್ತಂತೆ. ಆಮೇಲೆ ಹುಷಾರಾಗಿ ಗಂಜಿ ಕುಡಿಯುತ್ತ ನೀವು ಹೇಳಿದ್ದು ಒಂದೇ ಮಾತು: "ಅನುವಾದ ಛಲೋ ಮಾಡಿದ್ರಿ." ಸ್ವಂತ ಪ್ರಾಣ ಉಳಿದಿದ್ದಕ್ಕೆ ಇಷ್ಟು ಜಿಪುಣತನದಿಂದ ಹೊಗಳಿದವರನ್ನು ನಾನು ಕಂಡಿಲ್ಲ. ಆವತ್ತೇ ನೀವು ನನಗೆ ಹಿಡಿಸಿಬಿಟ್ಟಿರಿ.

ಮನೆಗೆ ಕಳಿಸುವ ದಿನ ಪೂರ್ವಿ ಬಂದಳು. ತುಮಕೂರು ಕಡೆಯ ರೈಲ್ವೆ ಗುಮಾಸ್ತರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಗಾರ್ಡನ್ ರೀಚಿನ ಕ್ವಾರ್ಟರ್ಸಿನಲ್ಲಿ. "ಅಂಕಲ್, ನನ್ನ ಕನ್ನಡ ಸ್ವಲ್ಪ... ಮೀನ್ಸ್, ಅರ್ಥ ಆಗುತ್ತೆ, ಬಾಯಿಗೆ ಬರಲ್ಲ" ಎಂದು ಮೊದಲೇ ಕ್ಷಮೆ ಕೇಳಿ, ವಿಷಯವನ್ನು ನಮಗಿಬ್ಬರಿಗೂ ಬಿಡಿಸಿ ಹೇಳಿದಳು. ಹೃದಯಾಘಾತವಾಗಿ ಬದುಕಿ ಮನೆಗೆ ಹೋದವರಲ್ಲಿ ಎಷ್ಟೋ ಜನ ಮತ್ತೆ ಅದೇ ವಾರ್ಡಿಗೆ ಬರುತ್ತಾರೆ. ಅದನ್ನು ತಡೆಯುವುದು ಹೇಗೆ ಎಂದು ನೋಡುವ ಅಧ್ಯಯನ. ಔಷಧಿ, ಡಾಕ್ಟರ ತಪಾಸಣೆ ಎಲ್ಲರಿಗೂ ಒಂದೇ. ಅದರ ಮೇಲೆ, ಎ ಗುಂಪಿನವರು ವಾರವಾರ ಆಸ್ಪತ್ರೆಗೆ ಬಂದು ಮೇಷ್ಟರ ಕಣ್ಣೆದುರು ವ್ಯಾಯಾಮ ಮಾಡಬೇಕು, ಊಟ ಉಸಿರಾಟದ ಪಾಠ ಕೇಳಬೇಕು. ಬಿ ಗುಂಪಿನವರಿಗೆ ಒಂದು ಪುಸ್ತಿಕೆ, ತಿಂಗಳಿಗೊಂದು ಫೋನು. ಎರಡು ವರ್ಷದ ಕೊನೆಗೆ ಯಾರು ಹೇಗಿದ್ದಾರೆ, ಯಾರು ಮತ್ತೆ ಆಸ್ಪತ್ರೆ ಸೇರಿದರು, ಯಾರು ಇಲ್ಲ, ಇದ್ದವರು ಎಷ್ಟು ದೂರ ನಡೆಯಬಲ್ಲರು ಎಂದು ಲೆಕ್ಕ. ಯಾವ ಗುಂಪು ಎಂಬುದು ಒಪ್ಪಿಗೆಗೆ ಸಹಿ ಮಾಡಿದ ಮೇಲೆ ಕೊಡುವ ಅಂಟಿಸಿದ ಲಕೋಟೆಯೊಳಗೆ. ನಾವು ಕೇಳುವ ಹಾಗಿಲ್ಲ, ಅವಳು ಆರಿಸುವ ಹಾಗಿಲ್ಲ.

ನನಗೆ ಎ ಬಂತು. ನಿಮಗೆ ಬಿ.

ನಾನು ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಟ್ಯಾಲಿ ಗುಮಾಸ್ತನಾಗಿ, ಹಡಗಿನಿಂದ ಇಳಿಯುವ ಪೆಟ್ಟಿಗೆಗಳನ್ನು ಎಣಿಸುತ್ತ ಬದುಕು ಶುರುಮಾಡಿದವನು. ಕೊಳ್ಳೇಗಾಲದಿಂದ ಬರುವಾಗ ಬಂಡವಾಳ ಅಂತ ಇದ್ದದ್ದು ನಾಲಿಗೆ. ಅದರಿಂದಲೇ ಸುಂಕದವರಿಂದ ಸರಕು ಬಿಡಿಸಿಕೊಡುವ ಸ್ವಂತ ಕ್ಲಿಯರಿಂಗ್ ಏಜೆನ್ಸಿ ಕಟ್ಟಿದೆ. ಒಳ್ಳೆ ಸರಕು ಯಾವುದು, ಕೀಳು ಸರಕು ಯಾವುದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ ಎಂಬ ಜಂಬ ನನಗಿತ್ತು. ಎ ಒಳ್ಳೆ ಸರಕು ಎಂದು ಲಕೋಟೆ ಹರಿದ ಕ್ಷಣವೇ ತೀರ್ಮಾನಿಸಿಬಿಟ್ಟೆ. ಪೂರ್ವಿಯ ಜೊತೆ ಚೌಕಾಸಿಗೆ ನಿಂತೆ: ಇಬ್ಬರಿಗೂ ಎ ಕೊಡು, ಇಲ್ಲವೇ ನನ್ನದನ್ನು ಅವರಿಗೆ ಕೊಟ್ಟು ಅವರದನ್ನು ನನಗೆ ಕೊಡು, ನನಗೆ ಹೇಗೂ ಓದು ಬರುತ್ತದೆ, ಪುಸ್ತಿಕೆ ಸಾಕು. ಆ ಹುಡುಗಿ ಅಳುವ ಹಾಗಾಗಿದ್ದಳು. ಆಗ ನೀವು ಹಾಸಿಗೆಯಿಂದ ಗದರಿದಿರಲ್ಲ: "ಏನ್ರೀ ಮಾದಪ್ಪ, ಇದೇನು ಬಾಜಾರದಾಗಿನ ಬದನಿಕಾಯೇನ್ರೀ, ಮುಟ್ಟಿ ನೋಡಿ ಆರಿಸ್ಕೊಳ್ಳಿಕ್ಕೆ? ಯಾವುದು ಛಲೋ ಅಂತ ಗೊತ್ತಿದ್ರ ಈ ಹುಡುಗಿ ಯಾಕ ಎರಡು ವರ್ಷ ಒದ್ದಾಡ್ತಿದ್ದಳು? ಬಂದದ್ದು ಬಂತು. ಸುಮ್ಮನ ತೊಗೊಳ್ರಿ."

ನೀವು ಸ್ಯಾಂಪಲ್ ಸರ್ವೇ ಕಚೇರಿಯಲ್ಲಿ ಇಡೀ ಸರ್ವೀಸು ಕಳೆದವರು ಎಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ನಿಮ್ಮ ಎದುರು ಚೌಕಾಸಿ ಮಾಡುತ್ತಿರಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಮಾಡುತ್ತಿದ್ದೆ.

ಆಮೇಲಿನ ಪಾರ್ಕಿನ ದಿನಗಳು! ಒಂದೇ ಬಡಾವಣೆ, ಎರಡು ರಸ್ತೆ ಆಚೆ ಈಚೆ, ಅಷ್ಟು ವರ್ಷ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಎದೆ ಕೆಟ್ಟಮೇಲೆ ದಿನಾ ಬೆಳಗ್ಗೆ ಜೊತೆಗೆ ನಡೆಯತೊಡಗಿದೆವು. ನಾನು ಕ್ಲಾಸಿನಿಂದ ಬಿಸಿಬಿಸಿ ವಿದ್ಯೆ ಕಲಿತು ಬರುತ್ತಿದ್ದೆ. ಹೇಳದಿದ್ದರೆ ಹೊಟ್ಟೆ ಉಬ್ಬಿ ಸಾಯುವ ಜಾತಿ ನನ್ನದು. ಬಾಯಿ ತೆರೆದರೆ ನೀವು ಎರಡೂ ಕಿವಿಗೆ ಬೆರಳಿಟ್ಟುಕೊಂಡು, "ಹೇಳಬ್ಯಾಡ್ರಿ! ಕಲಬೆರಕಿ ಆಗ್ತದ!" ಎಂದು ಪಾರ್ಕಿನಲ್ಲಿದ್ದ ಮುದುಕರೆಲ್ಲ ತಿರುಗಿ ನೋಡುವ ಹಾಗೆ ಕೂಗುತ್ತಿದ್ದಿರಿ. ಬಿ ಗುಂಪಿನವರಿಗೆ ಎ ಗುಂಪಿನ ಪಾಠ ಸೋರಿದರೆ ಎರಡಕ್ಕೂ ವ್ಯತ್ಯಾಸ ಉಳಿಯುವುದಿಲ್ಲ, ಆ ಹುಡುಗಿಯ ಶ್ರಮವೆಲ್ಲ ನೀರುಪಾಲು ಎಂದು ನಿಮ್ಮ ವಾದ. ಒಮ್ಮೆ ಆಕಳಿಸುವ ನೆಪದಲ್ಲಿ ಉಸಿರಾಟದ ವ್ಯಾಯಾಮವನ್ನು ನಿಮ್ಮೆದುರೇ ಮಾಡಿ ತೋರಿಸಿದೆ. ನೀವು ಆ ಕಡೆ ತಿರುಗಿ ಕೊಳದ ಬಾತುಕೋಳಿ ನೋಡುತ್ತ ನಿಂತಿರಿ. ಸ್ವಂತ ಎದೆಯ ವಿಷಯದಲ್ಲೂ ಮೋಸ ಮಾಡದ ಮನುಷ್ಯನ ಜೊತೆ ವ್ಯವಹಾರ ಮಾಡುವುದು ಹೇಗೆ ಹೇಳಿ? ಕೊನೆಗೆ ಒಪ್ಪಂದವಾಯಿತು: ಎದೆ, ಊಟ, ವ್ಯಾಯಾಮ ಈ ಮೂರರ ಮಾತಿಲ್ಲ. ಉಳಿದ ಲೋಕವೆಲ್ಲ ನಮ್ಮದು.

ಆ ಉಳಿದ ಲೋಕದಲ್ಲಿ ನಾನು ಹಡಗಿನ ಕಥೆ ಹೇಳಿದೆ, ನೀವು ಬೀಗದ ಮನೆಯ ಕಥೆ ಹೇಳಿದಿರಿ. ಪುರುಲಿಯಾದಲ್ಲಿ, ಮುರ್ಶಿದಾಬಾದಿನಲ್ಲಿ, ಸುಂದರಬನದ ಕೆಸರಿನಲ್ಲಿ, ಸರ್ವೇ ಪಟ್ಟಿಯಲ್ಲಿ ಬಂದ ಮನೆಗೆ ನಡೆದು ಹೋದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯವನು ಬಾಗಿಲು ತೆರೆದು, ಚಹಾ ಕಾಸಿ, ಮಂಡಕ್ಕಿ ಹುರಿದು, ಏನು ಬೇಕಾದರೂ ಕೇಳಿ ಬಾಬು ಎಂದು ಕೂತಿದ್ದಾನೆ. ನಾನು ಕೇಳಿದೆ, ಅವನನ್ನೇ ಕೇಳಿ ಬರೆದುಕೊಂಡರೆ ಏನು ಗಂಟು ಹೋಗುತ್ತೆ? ನೀವು ನಿಂತುಬಿಟ್ಟಿರಿ. "ಬಾಗಿಲಾ ತೆಗೆದಾವರ ಮನೀಗಷ್ಟ ಹೋದ್ರ ಅದು ಸರ್ವೇ ಅಲ್ರೀ, ನೆಂಟಸ್ತನ. ಬೀಗ ಯಾಕ ಬಿದ್ದದ? ದುಡಿಲಿಕ್ಕೆ ಹೋಗ್ಯಾನೋ, ದವಾಖಾನಿಗೆ ಹೋಗ್ಯಾನೋ, ಸತ್ತಾನೋ. ಕಷ್ಟದಾಗ ಇದ್ದಾವನ ಮನೀಗೇ ಬೀಗ ಜಾಸ್ತಿ. ಅವನ್ನ ಬಿಟ್ರ ದೇಶದಾಗ ಎಲ್ಲಾರೂ ಮನ್ಯಾಗ ಕೂತು ಚಹಾ ಕುಡೀಲಿಕ್ಕತ್ತಾರ ಅಂತ ಆಗ್ತದ."

ಎಷ್ಟು ಸಲ ಹೋಗಬೇಕು ಅಂತ ಕೇಳಿದೆ. "ಆಫೀಸಿನ ನಿಯಮ ಬ್ಯಾರೆ ಅದ. ನಂದು, ಬಾಗಿಲಾ ತೆಗೆಯೋ ತನಕ" ಎಂದಿರಿ.

ಈ ಮಾತು ನೆನಪಿಟ್ಟುಕೊಳ್ಳಿ ರಾಯರೇ. ಮುಂದೆ ಬೇಕಾಗುತ್ತದೆ.

ದುರ್ಗಾಪೂಜೆಯ ಹೊತ್ತಿಗೆ ನೀವು ಪಾರ್ಕಿಗೆ ಬರುವುದು ನಿಂತಿತು. ಮೊದಲು ಮಂಡಿನೋವು ಎಂದಿರಿ, ಆಮೇಲೆ ಪಂಡಾಲುಗಳ ಗದ್ದಲ ಎಂದಿರಿ, ಆಮೇಲೆ ಮಗಳ ಮನೆಯಲ್ಲಿ ಸ್ವಲ್ಪ ದಿನ ಎಂದಿರಿ. ನಿಮ್ಮ ಮನೆ ಕಡೆ ಹೋದರೆ ಗೇಟಿಗೆ ಬೀಗ, ಅದರ ಮೇಲೆ ಧೂಳು. ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಬಿ ಗುಂಪಿನವರಿಗೆ ಎ ಗುಂಪಿನವನ ಸಹವಾಸ ಬೇಡವಾಯಿತೇನೋ ಎಂದು ಗೌರಿಯ ಹತ್ತಿರ ನಕ್ಕೆ. ನಗು ಹೊರಡಲಿಲ್ಲ. ಒಬ್ಬನೇ ಪಾರ್ಕಿಗೆ ಹೋಗಿ ನೋಡಿದೆ. ನಾನು ಮಾತಾಡುತ್ತ ನಡೆಯುವವನು. ಕೇಳುವವರಿಲ್ಲದಿದ್ದರೆ ಕಾಲು ಎತ್ತಿಡುವುದೂ ಮರೆತುಹೋಗುತ್ತದೆ. ಒಂದು ಸುತ್ತು ಅರ್ಧ ಸುತ್ತಾಯಿತು. ಅರ್ಧ ಸುತ್ತು ಬೆಂಚಾಯಿತು. ಬೆಂಚಿನ ಎದುರು ಬಜ್ಜಿ ತೇಲೆಭಾಜಾ ಕರಿಯುವವನಿದ್ದಾನೆ, ಆ ಬದನೆಕಾಯಿ ಬಜ್ಜಿ ಬೆಗುನಿಯ ವಾಸನೆ ನಿಮಗೆ ಗೊತ್ತೇ ಇದೆ. ಹೆಚ್ಚು ಹೇಳುವುದಿಲ್ಲ, ಗೌರಿ ಈ ಕಾಗದ ಓದದೆ ಬಿಡುವುದಿಲ್ಲ.

ಕಳೆದ ವಾರ ನನ್ನ ಕೊನೆಯ ತಪಾಸಣೆ. ರಕ್ತ ತೆಗೆದರು, ಇಸಿಜಿ ತೆಗೆದರು, ಆಮೇಲೆ ಆ ಆರು ನಿಮಿಷದ ನಡಿಗೆ. ಉದ್ದ ಕಾರಿಡಾರು, ಎರಡು ತುದಿಗೆ ಒಂದೊಂದು ಕಿತ್ತಳೆ ಬಣ್ಣದ ಶಂಕು, ಪಕ್ಕದಲ್ಲೊಂದು ಕುರ್ಚಿ. ಆರು ನಿಮಿಷದಲ್ಲಿ ಎಷ್ಟು ದೂರ ಹೋಗಿ ಬಂದು ಮಾಡುತ್ತೀರಿ ಎಂದು ಅಳೆಯುತ್ತಾರೆ. ನಡೆಯುವಾಗ ಮಾತಾಡಬಾರದು. ಇದನ್ನು ಯಾರೋ ನನಗೆಂದೇ ಕಂಡುಹಿಡಿದಿದ್ದಾರೆ. ಜೊತೆಗೆ ಯಾರೂ ನಡೆಯಬಾರದು, ಪಕ್ಕದವನ ಹೆಜ್ಜೆಗೆ ನಮ್ಮ ಹೆಜ್ಜೆ ಹೊಂದಿಬಿಡುತ್ತದಂತೆ. ಪೂರ್ವಿ ಗಡಿಯಾರ ಹಿಡಿದು ನಿಂತು, ಎಲ್ಲರಿಗೂ ಹೇಳುವ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಬೇಕು: "ಚೆನ್ನಾಗಿ ನಡೀತಿದ್ದೀರಿ, ಹೀಗೇ ಮುಂದುವರಿಸಿ." ಅವಳು ಒಂದು ಪದ ಹೆಚ್ಚು ಆಡಲಿಲ್ಲ. ಆದರೆ ಮುಖ ಇದೆಯಲ್ಲ, ಅದಕ್ಕೆ ನಿಯಮ ಬರೆದವರಿಲ್ಲ. ಹೋದ ವರ್ಷಕ್ಕಿಂತ ಎಷ್ಟೋ ಕಡಿಮೆ ನಡೆದಿದ್ದೆ. ನಡುವೆ ಕುರ್ಚಿ ಹಿಡಿದು ನಿಂತೂ ಇದ್ದೆ. ಎ ಗುಂಪಿನ ಒಳ್ಳೆ ಸರಕು!

ಕಾಗದಪತ್ರವನ್ನೆಲ್ಲ ತುಂಬಿ ಮುಗಿಸಿ ಅವಳು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ, ಕೇಳಿದಳು. "ಅಂಕಲ್, ರಾವ್ ಅಂಕಲ್ ತಮ್ಮ ಫಾರ್ಮಲ್ಲಿ ಎರಡನೇ ಕಾಂಟ್ಯಾಕ್ಟ್ ಅಂತ ನಿಮ್ಮ ಹೆಸರು ಕೊಟ್ಟಿದ್ದಾರೆ. ಫೋನ್ ಎತ್ತಲ್ಲ. ಮನೆಗೂ ಹೋಗಿದ್ದೆ, ಲಾಕ್. ನಿಮಗೆ ಗೊತ್ತಾ, ಎಲ್ಲಿದ್ದಾರೆ?"

ಗೊತ್ತಿತ್ತು ರಾಯರೇ. ಅದಕ್ಕೆ ಕೆಲವೇ ದಿನ ಹಿಂದೆ ಗೊತ್ತಾಗಿತ್ತು.

ನಿಮ್ಮ ಮನೆಯವರು, ಜಾನಕಮ್ಮನವರ ಮೇಲೆ ಸಿಟ್ಟಾಗಬೇಡಿ. ಅವರು ಹೇಳಲಿಲ್ಲ, ನಾನು ಬಾಯಿ ಬಿಡಿಸಿದೆ. ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು ಕೊತ್ತಂಬರಿ ಆರಿಸುತ್ತಿದ್ದರು. ನನ್ನನ್ನು ಕಂಡವರೇ ಚೀಲ ಎತ್ತಿಕೊಂಡು ಇನ್ನೊಂದು ಬಾಗಿಲಿಂದ ಹೊರಟರು. ಸುಂಕದವರನ್ನು ಇಡೀ ಆಯುಷ್ಯ ಅಡ್ಡಗಟ್ಟಿದವನಿಗೆ ಒಬ್ಬ ಹೆಂಗಸನ್ನು ತೆಂಗಿನಕಾಯಿ ರಾಶಿಯ ಹತ್ತಿರ ತಡೆಯುವುದು ಏನು ಕಷ್ಟ? "ರಾಯರು ಹೇಗಿದ್ದಾರೆ?" ಅಂದೆ. "ಛಲೋ ಇದ್ದಾರ" ಅಂದರು. "ಛಲೋ ಇದ್ದರೆ ನೀವು ಯಾಕೆ ಓಡ್ತೀರಿ?" ಅಂದೆ. ಅಷ್ಟಕ್ಕೇ ಅವರ ಕಣ್ಣು ತುಂಬಿತು. ಅಷ್ಟಮಿಯ ದಿನ ಮೂರನೇ ಸಲ ಎದೆ ಹಿಡಿದದ್ದು, ಮಗಳು ಇಂಚರಾ ನ್ಯೂ ಟೌನಿನ ಇನ್ನೊಂದು ಆಸ್ಪತ್ರೆಗೆ ಸೇರಿಸಿದ್ದು, ಹೃದಯ ಸೋತಿದೆ ಎಂದು ಅಲ್ಲಿಯವರು ಹೇಳಿದ್ದು, ಈಗ ಅಲ್ಲೇ ಅವಳ ಮನೆಯಲ್ಲಿ ಹಾಸಿಗೆಯಿಂದ ಬಾಲ್ಕನಿಗೆ ಬರುವಷ್ಟರಲ್ಲಿ ನೀವು ಗೋಡೆ ಹಿಡಿದು ನಿಲ್ಲುವುದು, ಎಲ್ಲ ಹೇಳಿದರು. ಮತ್ತೆ ಯಾಕೆ ಮುಚ್ಚಿಟ್ಟಿರಿ ಎಂದು ನಾನು ದನಿ ಏರಿಸಿದಾಗ, ನೀವು ಹಾಕಿದ ಅಪ್ಪಣೆಯನ್ನು ನಿಮ್ಮದೇ ಮಾತಿನಲ್ಲಿ ಹೇಳಿದರು: "ಮಾದಪ್ಪಗ ತಿಳೀತಂದ್ರ ಆ ಲಕೋಟಿ ಹಿಡಕೊಂಡು ಕೊರಗ್ತಾರ. ನಾ ಎ ತೊಗೊಂಡೆ, ಅವರಿಗೆ ಬಿ ಹೋತು ಅಂತ. ಮಾತಾಡೋ ಮನಷ್ಯಾ ಸುಮ್ಮನಾಗಿಬಿಟ್ರ ನೋಡಲಿಕ್ಕಾಗಂಗಿಲ್ಲ."

ತೆಂಗಿನಕಾಯಿ ಅಂಗಡಿಯವನು, "ದಾದಾ, ನೀರು ಕುಡೀತೀರಾ?" ಎಂದು ಕೇಳಿದ. ಅಂದರೆ ನನ್ನ ಮುಖ ಹೇಗಿದ್ದಿರಬೇಕು ನೋಡಿ.

ನೀವು ಹೆದರಿದ್ದೇ ಆಯಿತು. ವಾಪಸ್ ಬರುವಾಗ ಮೆಟ್ರೋದಲ್ಲಿ ನಿಲ್ಲಲಾಗಲಿಲ್ಲ, ಕೂರಲಾಗಲಿಲ್ಲ. ಕರುಣಾಮಯಿ ಸ್ಟೇಷನ್ನಿನಲ್ಲಿ ಇಳಿಯಬೇಕಾದವನು ಮುಂದೆ ಹೋಗಿ, ಅಲ್ಲಿಂದ ಆಟೋದಲ್ಲಿ ಹಿಂದೆ ಬಂದೆ. ತಲೆಯಲ್ಲಿ ಒಂದೇ: ಆ ಹುಡುಗಿ ಲಕೋಟೆಗಳ ಟ್ರೇ ಹಿಡಿದಾಗ ನಾನು ಆ ಕಡೆ ಹಾಸಿಗೆಯಲ್ಲಿ ಕೂತಿದ್ದರೆ? ಮೊದಲು ಸಹಿ ಮಾಡಿದ್ದು ನೀವಾಗಿದ್ದರೆ? ಅವತ್ತು ಊಟಕ್ಕೆ ಕೂತು ಎದ್ದೆ. ಮಾರನೆಯ ದಿನವೂ ಎದ್ದೆ.

ಮೂರನೆಯ ದಿನ ಸ್ನಾನ ಮಾಡುವಾಗ, ತಲೆಗೆ ನೀರು ಹಾಕಿಕೊಳ್ಳುತ್ತಿದ್ದ ಹಾಗೇ, ನಿಮ್ಮ ದನಿ ಕೇಳಿಸಿತು: "ಅದಕ್ಕ ಪುರಾವೆ ಏನದ?"

ಏನಿದೆ ಪುರಾವೆ? ಬಿ ಗುಂಪಿನ ಒಬ್ಬ ಮನುಷ್ಯನಿಗೆ ಮತ್ತೆ ಎದೆ ಹಿಡಿಯಿತು. ಎ ಗುಂಪಿನ ಒಬ್ಬ ಮನುಷ್ಯ ಬೆಗುನಿ ತಿಂದು ಕುರ್ಚಿ ಹಿಡಿದು ನಿಂತಿದ್ದಾನೆ. ಇಬ್ಬರ ಲೆಕ್ಕದಿಂದ ಲಕೋಟೆಯನ್ನು ಬೈಯಲೂ ಆಗದು, ಹೊಗಳಲೂ ಆಗದು. ವಾರ್ಡಿನಿಂದ ಹೊರಗೆ ಬಂದ ನಮ್ಮಂಥ ನೂರಾರು ಜನರನ್ನು ಒಟ್ಟಿಗಿಟ್ಟು ನೋಡಿದರೆ ಮಾತ್ರ ಏನಾದರೂ ಗೊತ್ತಾದೀತು. ಇದನ್ನು ಹಾಸಿಗೆಯಲ್ಲಿ ಮಲಗಿ ನನಗೆ ಹೇಳಿಕೊಟ್ಟವರು ನೀವು. ಆದರೆ ನೋಡಿ ರಾಯರೇ, ನನ್ನ ಕೊರಗನ್ನು ತಪ್ಪಿಸಲು ನೀವು ಬೀಗ ಹಾಕಿಕೊಂಡು ಕೂತರೆ, ಲಕೋಟೆಯಲ್ಲಿ ಏನಿತ್ತೆಂದು ನನಗೆ ಎಂದಿಗೂ ಗೊತ್ತಾಗುವುದಿಲ್ಲ. ಸಾಯುವವರೆಗೆ ಅದು ಒಳ್ಳೆ ಸರಕೇ ಆಗಿತ್ತು ಎಂದು ಕೊರಗುತ್ತಿರಬೇಕು. ಇದು ಯಾವ ನ್ಯಾಯ?

ನನ್ನ ಕಸುಬಿನ ಮಾತು ಒಂದು ಹೇಳುತ್ತೇನೆ. ಹಡಗಿನಿಂದ ಇಳಿಸುವಾಗ ಪೆಟ್ಟಿಗೆ ಒಡೆದರೆ, ಒಡೆದದ್ದು ಎಂದು ಬರೆದು ಎಣಿಸಬೇಕು. ಒಡೆದದ್ದನ್ನು ಮೆಲ್ಲಗೆ ನೀರಿಗೆ ತಳ್ಳಿ, ಇಳಿದ ಪೆಟ್ಟಿಗೆಗಳೆಲ್ಲ ಸರಿಯಾಗಿವೆ ಎಂದು ಸಹಿ ಮಾಡುವ ಗುಮಾಸ್ತರೂ ಇದ್ದರು. ಕಾಗದದ ಮೇಲೆ ಅವರ ಹಡಗಿನಷ್ಟು ಚಂದದ ಹಡಗು ಇನ್ನೊಂದಿಲ್ಲ. ಮುಂದಿನ ಸಲ ಅದೇ ಹಗ್ಗ, ಅದೇ ಕ್ರೇನು, ಅದೇ ರೀತಿ ಪೆಟ್ಟಿಗೆ ಒಡೆಯುತ್ತಿತ್ತು. ನೀವು ಈಗ ಮಾಡುತ್ತಿರುವುದು ಅದೇ. ಬಿ ಗುಂಪಿನಲ್ಲಿ ನಿಮ್ಮ ಹಾಗೆ ಕಷ್ಟಕ್ಕೆ ಸಿಕ್ಕವರೆಲ್ಲ ನಾಚಿಕೊಂಡು ಮನೆಯಲ್ಲಿ ಉಳಿದು, ಗಟ್ಟಿಮುಟ್ಟಾದವರು ಮಾತ್ರ ಬಂದು ಕಾರಿಡಾರಿನಲ್ಲಿ ನಡೆದು ತೋರಿಸಿದರೆ, ಪುಸ್ತಿಕೆಯೊಂದೇ ಸಾಕಪ್ಪ ಎಂದಾಗುತ್ತದೆ. ಕ್ಲಾಸು ನಡೆಸುವುದು ಯಾರಿಗೂ ಪುಕ್ಕಟೆಯಲ್ಲ. ನಿಲ್ಲಿಸಲು ನೆಪ ಕಾಯುತ್ತಿರುತ್ತಾರೆ. ಕಾಣೆಯಾದವರು ಕಾಗದದ ಮೇಲೆ ಆರೋಗ್ಯವಂತರಾಗಿಬಿಡುತ್ತಾರೆ ರಾಯರೇ. ಅಥವಾ ನಿಮ್ಮಂಥವರು ಎ ಗುಂಪಿನಲ್ಲೂ ಅಷ್ಟೇ ಇದ್ದು, ಕ್ಲಾಸಿನಿಂದ ಉಪಯೋಗವೇ ಇಲ್ಲ ಎಂದು ಕಾಣಲೂಬಹುದು. ಕಾಣಲಿ. ನಿಜ ಕಾಣಲಿ ಅಷ್ಟೇ.

ತಪಾಸಣೆಯ ದಿನ ಹೊರಗೆ ಬೆಂಚಿನ ಮೇಲೆ ಖಿದಿರ್‌ಪುರದ ಒಬ್ಬ ಹಮಾಲ ಕೂತಿದ್ದ. ನಮ್ಮ ವಾರ್ಡಿನಿಂದಲೇ ಹೊರಗೆ ಬಂದವನು, ಇನ್ನೂ ತಲೆ ನರೆತಿಲ್ಲ. ಕೈಯಲ್ಲಿ ಆಸ್ಪತ್ರೆಯವರು ಕೊಟ್ಟ ಪುಸ್ತಿಕೆ. ಅದರಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ನಾನು ಹಳೇ ಕಟ್ಟೆಯ ಮನುಷ್ಯ ಅಂತ ಗುರುತು ಹಿಡಿದು, "ದಾದಾ, ಮತ್ತೆ ಮೂಟೆ ಹೊರಬಹುದಾ? ಏನು ಮಾಡಿದರೆ ಇದು ಮತ್ತೆ ಬರಲ್ಲ?" ಎಂದು ಕೇಳಿದ. ಅದನ್ನು ತಿಳಿಯಲೆಂದೇ ಈ ಲೆಕ್ಕವೆಲ್ಲ ಎಂದೆ. ಅವನ ಉತ್ತರದಲ್ಲಿ ಒಂದು ಚೂರು ನಿಮ್ಮ ಹತ್ತಿರ ಇದೆ. ನ್ಯೂ ಟೌನಿನ ಬಾಲ್ಕನಿಯಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದೀರಿ.

ಪೂರ್ವಿ ಕೇಳಿದಾಗ ನಾನು ಏನು ಹೇಳಿದೆ ಎಂದು ಯೋಚಿಸುತ್ತಿರಬಹುದು. ನಾಲಿಗೆಯ ತುದಿಗೆ ಬಂದಿತ್ತು. ವಿಳಾಸ, ಆಸ್ಪತ್ರೆಯ ಹೆಸರು, ಅಷ್ಟಮಿ, ಎಲ್ಲ. ಹೇಳಿಬಿಟ್ಟಿದ್ದರೆ ಅವಳ ಕೆಲಸ ಆಗುತ್ತಿತ್ತು, ನನ್ನ ಮನಸ್ಸೂ ಹಗುರಾಗುತ್ತಿತ್ತು. ಆದರೆ ಮತ್ತೆ ನೀವೇ ಅಡ್ಡ ಬಂದಿರಿ. "ಮನಿಯಾವ ಒಪ್ಪಿ ಹೇಳಿದ್ರ ಬರಕೋಬೇಕು. ಪಕ್ಕದ ಮನಿಯಾವನ್ನ ಕೇಳಿ ತುಂಬಿದ್ರ ಅದು ಚಾಡಿ" ಎಂದಿದ್ದಿರಿ, ನೆನಪಿದೆಯೇ? "ಕೇಳಿ ಹೇಳ್ತೀನಿ ಮಗೂ" ಎಂದು ಎದ್ದು ಬಂದೆ. ನನ್ನ ಬಾಯಿಗೆ ಬೀಗ ಹಾಕಿದ ಮೊದಲ ಮನುಷ್ಯ ನೀವು. ಸೊಸೈಟಿಯ ಮೀಟಿಂಗಿನವರಿಗೆಲ್ಲ ಆಗದ ಕೆಲಸ.

ಈಗ ಕೇಳುತ್ತಿದ್ದೇನೆ.

ನೀವು ನಡೆದು ತೋರಿಸಬೇಕಾಗಿಲ್ಲ. ಅದನ್ನು ಅವಳಿಂದ ಬಿಡಿಸಿ ಬಿಡಿಸಿ ಕೇಳಿಕೊಂಡಿದ್ದೇನೆ, ನಿಮ್ಮ ಹೆಸರು ಹೇಳದೆ. ನಡೆಯಲಾಗದವರಿಗೆ "ನಡೆಯಲಾಗಲಿಲ್ಲ" ಎಂದು ಬರೆಯುವ ಜಾಗವಿದೆ. ಅದೂ ಉತ್ತರವೇ. ಆಸ್ಪತ್ರೆಗೆ ಬರಲಾಗದಿದ್ದರೆ ಅವಳೇ ಮನೆಗೆ ಬರುತ್ತಾಳೆ. ಅದೂ ಬೇಡವಾದರೆ ಫೋನಿನಲ್ಲಿ ಕೇಳಿಕೊಳ್ಳುತ್ತಾಳೆ. ಇಷ್ಟವಿಲ್ಲ, ಬಿಟ್ಟುಬಿಡಿ ಎಂದು ನೀವೇ ಹೇಳಿದರೆ ಅದನ್ನೂ ಮರ್ಯಾದೆಯಿಂದ ಬರೆದುಕೊಂಡು ಹೋಗುತ್ತಾಳೆ. ಬಾಗಿಲು ತೆಗೆದು ಬೇಡ ಅನ್ನುವುದಕ್ಕೂ ಬೀಗ ಹಾಕಿಕೊಂಡು ಸುಮ್ಮನಿರುವುದಕ್ಕೂ ಎಷ್ಟು ವ್ಯತ್ಯಾಸ ಎಂದು ನಿಮಗೆ ನಾನು ಹೇಳಬೇಕೇ?

ಇನ್ನು ನಾಚಿಕೆಯ ಮಾತು. ಶಾಲೆಯಿಂದ ಪೆನ್ಷನ್ನಿನವರೆಗೆ ಎಲ್ಲದರಲ್ಲೂ ಮೊದಲ ದರ್ಜೆ ತೆಗೆದವರಿಗೆ ಗೋಡೆ ಹಿಡಿದು ನಿಂತ ಸಂಗತಿಯನ್ನು ಮಗಳ ವಯಸ್ಸಿನ ಹುಡುಗಿಗೆ ಹೇಳುವುದು ಕಷ್ಟ. ನನಗೆ ಅರ್ಥವಾಗುತ್ತದೆ. ಅದಕ್ಕೇ ನನ್ನ ಕಳಪೆ ನಡಿಗೆಯನ್ನು ಮುಚ್ಚುಮರೆಯಿಲ್ಲದೆ ಮೇಲೆ ಬರೆದಿದ್ದೇನೆ. ಅವಳ ಪ್ರಶ್ನೆಗಳಲ್ಲಿ ಉಪ್ಪು ಎಷ್ಟು, ಬೀಡಿ ಎಷ್ಟು, ನಿದ್ದೆ ಎಷ್ಟು ಎಂದು ಎಲ್ಲ ಇದೆ. ನಿಮ್ಮ ಜೊತೆ ನಡೆಯುತ್ತಿದ್ದವರು ಬರುವುದನ್ನು ಯಾವಾಗ ನಿಲ್ಲಿಸಿದರು ಎಂಬ ಪ್ರಶ್ನೆ ಇಲ್ಲ. ಇದ್ದಿದ್ದರೆ ನನ್ನ ಅಂಕಿ ಯಾಕೆ ಇಳಿಯಿತೆಂದು ಒಂದೇ ಸಾಲಿನಲ್ಲಿ ಗೊತ್ತಾಗುತ್ತಿತ್ತು. ನಿಮಗೆ ಸಲಹೆ ಕೊಡುವ ಚಟ ಇದೆಯಲ್ಲ, ಅವಳು ಬಂದಾಗ ನೀವೇ ಹೇಳಿ, ಮುಂದಿನ ಅಧ್ಯಯನದಲ್ಲಿ ಸೇರಿಸಿಕೊಳ್ಳಲಿ.

ಈ ಕಾಗದ ಲೇಕ್ ಮಾರ್ಕೆಟ್ಟಿನಲ್ಲಿ ಜಾನಕಮ್ಮನವರ ಕೈಗೆ ತಲುಪುತ್ತದೆ, ಅವರು ಬಾಳೆಎಲೆಯ ಕಟ್ಟಿನ ಜೊತೆ ಟೇಬಲ್ಲಿನ ಮೇಲೆ ಇಟ್ಟಿರುತ್ತಾರೆ. ಗುರುವಾರ, ಬಿಸಿಲು ಏರುವ ಮೊದಲು, ನಾನು ನಿಮ್ಮ ಕಟ್ಟಡದ ಕೆಳಗೆ ಇರುತ್ತೇನೆ. ಹತ್ತಿ ಬರುತ್ತೇನೆ, ಬೆಲ್ಲು ಒತ್ತುತ್ತೇನೆ. ಲಕೋಟೆಯ ಮಾತಿಲ್ಲ, ಕೊರಗಿನ ಮಾತಿಲ್ಲ. ಹಳೆಯ ಒಪ್ಪಂದವೇ ನಡೆಯಲಿ. ನೀವು ಹಾಸಿಗೆಯಿಂದ ಬಾಲ್ಕನಿಯವರೆಗೆ ನಡೆಯಿರಿ, ನಾನು ಪಕ್ಕದಲ್ಲಿ ನಡೆಯುತ್ತೇನೆ. ಅದು ಪರೀಕ್ಷೆಯಲ್ಲವಲ್ಲ, ಜೊತೆಗಾರ ಇರಬಹುದು. ಒಂದು ಹಡಗಿನ ಕಥೆ ಬಾಕಿ ಇದೆ, ಗೋಡೆ ಹಿಡಿದು ನಿಂತಾಗ ಹೇಳುತ್ತೇನೆ.

ಬಾಗಿಲು ತೆಗೆಯದಿದ್ದರೆ ಬೇಸರವಿಲ್ಲ. ಶನಿವಾರ ಬರುತ್ತೇನೆ. ಆಮೇಲೆ ಸೋಮವಾರ. ಪೂರ್ವಿಗೆ ತಿಂಗಳ ಕೊನೆ ಇದೆ. ನನಗೆ ಇಲ್ಲ. ನಾನು ನಿಮ್ಮ ನಿಯಮದವನು, ಆಫೀಸಿನ ನಿಯಮದವನಲ್ಲ.

ನಿಮ್ಮ ಎದೆಯ ಮೇಲೆ ಯಾರೂ ಕೂರದಿರಲಿ ರಾಯರೇ. ಕೂತರೆ ಒಂದು ಸಲ ಕೂಗಿ. ಯಾವ ಪರದೆಯ ಆಚೆಯಿದ್ದರೂ ಎದ್ದು ಕೂತು ಅನುವಾದ ಮಾಡುತ್ತೇನೆ.

ಗುಂಪು ಬೇರೆಯಾದರೂ ನಿಮ್ಮ ಪಕ್ಕದವನೇ ಆದ,
ಮಾದಪ್ಪ